ಒಂಬತ್ತನೇ ಪೋಸ್ಟಿನ ಹಳದಿ ಬಾವುಟ

"ಸಹಿ ಇಲ್ಲಿ."

ಓರಿಯೆತ್ತಾ ತಲೆ ಎತ್ತದೆ ಕಾಗದವನ್ನು ಮುಂದಕ್ಕೆ ತಳ್ಳಿದಳು. ಬೆಳಗಿನಿಂದ ಮೂವತ್ತೊಂದು ಮಂದಿ ಚಾಲಕರು ಈ ಮೇಜಿನ ಮುಂದೆ ಬಂದು ಹೋಗಿದ್ದರು. ಎಲ್ಲರಿಗೂ ಅದೇ ಕಾಗದ, ಅದೇ ಮಾತು.

ಮೂವತ್ತೆರಡನೆಯವನು ಪೆನ್ನು ಮುಟ್ಟಲಿಲ್ಲ.

ಮೇಜಿನ ಅಂಚಿನ ಮೇಲೆ ಅವನ ಎಡಗೈ ಇತ್ತು. ಕಿರುಬೆರಳಿಗೆ ಅರ್ಧ ಉಗುರು ಮಾತ್ರ. ಗ್ಯಾರೇಜಿನಲ್ಲಿ ಜಾಕ್ ಜಾರಿ ಆ ಬೆರಳು ಜಜ್ಜಿಹೋದ ದಿನ ಬಟ್ಟೆ ಸುತ್ತಿದವಳು ಅವಳೇ.



"ಚಾಲಕನಿಗೆ ಓದಿ ಹೇಳಿ ಆಮೇಲೆ ಸಹಿ ತಗೋಬೇಕು ಅಂತ ಇದೆಯಲ್ಲ?" ಅವನು ಮೆಲ್ಲಗೆ ಕೇಳಿದ.

ಆ ದನಿ! ಮೂರು ವರ್ಷಗಳ ಮೇಲೆ...

ಅವಳು ತಲೆ ಎತ್ತಿದಳು. ಎಲ್ವಿಯೊ ಗರಾವೀನಿ. ತೆಳ್ಳಗಾಗಿದ್ದ. ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು. ಕಣ್ಣು ಮಾತ್ರ ಹಾಗೇ ಇತ್ತು.

"ಇದನ್ನ ನಿಂಗೆ ಓದಿ ಹೇಳ್ಬೇಕಾ?" ಅವಳ ದನಿ ಒರಟಾಗಿತ್ತು. "ಇದಕ್ಕಿರೋದೇ ನಿನ್ನ ಹೆಸರು."

"ಗೊತ್ತು. ಆದ್ರೂ ಓದು."

ಅವಳು ಓದಿದಳು. "ಕಲಮು ಹದಿನಾಲ್ಕು. ಇಟ್ಟಿಗೆಗೂಡು ತಿರುವಿನ ಆರಂಭದಿಂದ ಸೇತುವೆಯವರೆಗೆ, ಬಾವುಟ ಇರಲಿ ಇಲ್ಲದಿರಲಿ, ಯಾರೂ ಯಾರನ್ನೂ ಓವರ್‌ಟೇಕ್ ಮಾಡುವಂತಿಲ್ಲ."

ಮೊಂತೆಸಾಲ್ವಾದ ಕಾರು ಓಟದ ಟ್ರ್ಯಾಕಿನಲ್ಲಿ ಅದನ್ನು ಹದಿನಾಲ್ಕನೇ ಕಲಮು ಎಂದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲಿ ಅದು 'ಗರಾವೀನಿ ಕಲಮು'.

ಎಲ್ವಿಯೊ ಸಹಿ ಹಾಕಿದ.

"ಯಾಕೆ ವಾಪಸ್ ಬಂದೆ?"

"ಅಮಾನತು ಮುಗೀತು. ಗೆಳೆಯನೊಬ್ಬ ಕಾರು ಕೊಟ್ಟ." ಅವನು ತಡೆದು ಕೇಳಿದ, "ನಿಮ್ಮಪ್ಪ ಹೇಗಿದಾರೆ?"

"ಎಡಗಾಲಿಲ್ಲ. ಉಳಿದಿದ್ದೆಲ್ಲಾ ಚೆನ್ನಾಗಿದೆ."

ಅವನು ಹೊರಟುಹೋದ. ಬಾಗಿಲಾಚೆ ಅಕ್ಟೋಬರಿನ ಮಂಜು ಅವನನ್ನು ನುಂಗಿತು.

*ಅಳಬೇಡ ಓರಿಯೆತ್ತಾ... ಇವನಿಗಾಗಿ ಮಾತ್ರ ಅಳಬೇಡ.*

ಮೂರು ವರ್ಷದ ಹಿಂದೆ, ಇಂಥದೇ ಒಂದು ವಾರಾಂತ್ಯ. ಅವಳ ತಂದೆ ವಾಲ್ತೆರ್ ಒಂಬತ್ತನೇ ಪೋಸ್ಟಿನ, ಅಂದರೆ ಇಟ್ಟಿಗೆಗೂಡು ತಿರುವಿನ ಕಾವಲು ಜಾಗದ, ಮುಖ್ಯ ಮಾರ್ಷಲ್. ಅವಳ ಕೈಯಲ್ಲಿ ಹಳದಿ ಬಾವುಟ. ತಿರುವಿನಾಚೆ ನೀಲಿ ಕಾರೊಂದು ಗಿರಕಿ ಹೊಡೆದು ರಸ್ತೆಗೆ ಅಡ್ಡ ನಿಂತಿತು. ಅಪ್ಪ ಎಂದಿನಂತೆ ಮೂರರವರೆಗೆ ಎಣಿಸಿ ಕಬ್ಬಿಣದ ತಡೆ ದಾಟಿ ಓಡಿದ. ಮೂರು ಎಣಿಸುವಷ್ಟರಲ್ಲಿ ಮಗಳು ಬಾವುಟ ಬೀಸಿರುತ್ತಾಳೆ. ಹಳದಿ ಕಂಡ ಮೇಲೆ ಯಾವ ಚಾಲಕನೂ ಓವರ್‌ಟೇಕ್ ಮಾಡುವುದಿಲ್ಲ. ಆ ನಂಬಿಕೆಯ ಮೇಲೆ ಇಪ್ಪತ್ತಾರು ವರ್ಷ ಅವನು ಹಿಂದೆ ತಿರುಗಿ ನೋಡದೆ ಓಡಿದ್ದ.

ಎಲ್ವಿಯೊ ಓವರ್‌ಟೇಕ್ ಮಾಡಿದ. ಹೊರಗಿನ ಸಾಲಿನಿಂದ ಬಂದ ಕಾರು ಅಪ್ಪನ ಮೇಲೆ ಜಾರಿತು...

ವಿಚಾರಣೆಯಲ್ಲಿ ಅವನದು ಒಂದೇ ಮಾತು: "ಹಳದಿ ಕಂಡಿತ್ತು. ಆದರೂ ಓವರ್‌ಟೇಕ್ ಮಾಡಿದೆ."

ಅವನನ್ನು ಮದುವೆಯಾಗಲು ಒಪ್ಪಿಗೆಯೋ ಇಲ್ಲವೋ ಎಂದು ಅವಳು ಆ ಸಂಜೆಯೇ ಹೇಳಬೇಕಿತ್ತು. ಹೇಳಲಿಲ್ಲ. ಮತ್ತೆಂದೂ ಅವನ ಫೋನ್ ಎತ್ತಲಿಲ್ಲ.

ಆದರೆ ಆ ಚಿತ್ರ ಅವಳನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಕಣ್ಣು ಬಿಡುವ ಮುಂಚೆಯೇ ಅದು ಬರುತ್ತಿತ್ತು: ತಿರುವಿನ ಹೊರಸಾಲಿನಲ್ಲಿ, ಕೆಂಪು ಕಾರಿನ ಪಕ್ಕಕ್ಕೆ ಅಂಟಿಕೊಂಡು ಬರುವ ಬಿಳಿ ಕಾರು. ಮೂತಿಯ ಮೇಲೆ ಅಡ್ಡಲಾಗಿ ಕರಿ ಟೇಪು. ಹೆಲ್ಮೆಟ್ಟಿನ ಗಾಜಿನ ಮೇಲೆ ಬಿಸಿಲಿನ ಚೂರು.

ಎಷ್ಟು ಚೆಂದದ ಓವರ್‌ಟೇಕ್ ಅದು! ಅದಕ್ಕೇ ಅದನ್ನು ಅಷ್ಟೊಂದು ದ್ವೇಷಿಸುತ್ತಿದ್ದಳು.

ಸಹಿ ತೆಗೆದುಕೊಂಡ ಅದೇ ಗುರುವಾರ ಸಂಜೆ ಕ್ಲಬ್ಬಿನ ಬಾರಿನಲ್ಲಿ ಜಗಳವೋ ಜಗಳ. ಭಾನುವಾರದ ಓಟಕ್ಕೆ ಗರಾವೀನಿ ಕಲಮು ಇರಬೇಕೋ ಬೇಡವೋ? ಮಾತು ಯಾರು ಬೇಕಾದರೂ ಆಡಬಹುದು. ಕೈ ಎತ್ತುವ ಹಕ್ಕು ಮಾತ್ರ ಪೋಸ್ಟಿನಲ್ಲಿ ನಿಲ್ಲುವ ಮಾರ್ಷಲ್‌ಗಳಿಗೆ. ಅದು ಅಲ್ಲಿನ ಹಳೆಯ ಪದ್ಧತಿ.

"ಹೋದ ವರ್ಷ ನೋಡಿದ್ರಲ್ಲ!" ಇವಾನೊ ಗ್ಲಾಸು ಕುಟ್ಟಿದ. ನಿವೃತ್ತ ಅಂಚೆಯವನು, ಒಂಬತ್ತನೇ ಪೋಸ್ಟಿನಲ್ಲಿ ಓರಿಯೆತ್ತಾಳ ಜೊತೆಗಾರ. "ಮೊದಲ ಸುತ್ತಲ್ಲಿ ಯಾರು ಎಲ್ಲಿದ್ರೋ ಕೊನೇ ಸುತ್ತಲ್ಲೂ ಅಲ್ಲೇ. ನಮ್ಮ ಪಾದ್ರಿಗಳ ಮೆರವಣಿಗೇಲೂ ಇದಕ್ಕಿಂತ ನುಗ್ಗಾಟ ಜಾಸ್ತಿ ಇರತ್ತೆ!"

ಎಲ್ಲರೂ ನಕ್ಕರು.

"ನಗೋ ವಿಷಯ ಅಲ್ಲ," ಕ್ಲಬ್ಬಿನ ಅಧ್ಯಕ್ಷ ಡಾಕ್ಟರ್ ಕಾವೀನಾ ಕನ್ನಡಕ ಒರೆಸಿಕೊಂಡರು. "ಆ ಜಾಗ ಇಕ್ಕಟ್ಟು. ಇನ್ನೊಬ್ಬರ ಕಾಲು ಕತ್ತರಿಸೋಕೆ ನಂಗಿಷ್ಟ ಇಲ್ಲ."

"ಕಾಲು ನಂದು, ಡಾಕ್ಟ್ರೇ!" ಕಿಟಕಿಯ ಪಕ್ಕದಿಂದ ವಾಲ್ತೆರ್ ಗುಡುಗಿದ. "ಓವರ್‌ಟೇಕ್ ಇಲ್ದಿರೋ ಓಟ ಅಂದ್ರೆ ಹೆಣದ ಹಿಂದೆ ಹೋಗೋ ಕಾರುಗಳ ಸಾಲು. ನನ್ನ ಕಾಲಿನ ಹೆಸರು ಹೇಳ್ಕೊಂಡು ಒಳ್ಳೇ ತಿರುವನ್ನ ಸಾಯಿಸಿಟ್ಟಿದೀರಿ. ತಿರುವು ಏನು ತಪ್ಪು ಮಾಡ್ತು? ಬಾವುಟ ಕಂಡೂ ಒಬ್ಬ ನುಗ್ಗಿದ. ಅದಕ್ಕೆ ಮೂವತ್ತು ಜನರ ಕೈ ಕಟ್ಟೋದಾ?"

"ಕಲಮು ಇರ್ಲಿ."

ಮಾತು ಬಂದದ್ದು ಬಾಗಿಲ ಕಡೆಯಿಂದ. ಇಡೀ ಬಾರು ಅತ್ತ ತಿರುಗಿತು. ಎಲ್ವಿಯೊ!

ವಾಲ್ತೆರ್ ಅವನನ್ನೇ ದಿಟ್ಟಿಸಿದ. "ತೆಗೀರಿ ಅಂತ ಮೊದ್ಲು ಬೊಬ್ಬೆ ಹಾಕ್ಬೇಕಾದೋನು ನೀನು. ಆ ತಿರುವಿನ ಹೊರಸಾಲಲ್ಲಿ ನಿನ್ನ ಥರ ಯಾರೂ..." ಅಷ್ಟಕ್ಕೇ ಬಾಯಿ ಮುಚ್ಚಿಕೊಂಡ.

"ಅಲ್ಲಿ ನಿಲ್ಲೋರೂ ಮನುಷ್ಯರೇ, ವಾಲ್ತೆರ್ ಅವ್ರೇ," ಎಲ್ವಿಯೊ ನಿಧಾನವಾಗಿ ಹೇಳಿದ. "ಒಂದು ಕ್ಷಣ ಯಾರಿಗೆ ಬೇಕಾದ್ರೂ ಹೆಚ್ಚುಕಮ್ಮಿ ಆಗ್ಬಹುದು. ಒಂದು ಕ್ಷಣಕ್ಕೆ ಅಷ್ಟು ದೊಡ್ಡ ಶಿಕ್ಷೆ ಇರ್ಬಾರ್ದು."

ಓರಿಯೆತ್ತಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಅಂದ್ರೆ? ಬಾವುಟ ಹಿಡ್ದವರ ತಪ್ಪು ಅಂತೀಯಾ?"

"ಹಾಗಂದ್ನಾ ನಾನು?"

"ಹಳದಿ ಕಂಡಿತ್ತು ಅಂತ ನೀನೇ ತಾನೇ ಹೇಳಿದ್ದು!"

"ಹೌದು," ಅವನೆಂದ. "ನಾನೇ ಹೇಳಿದ್ದು."

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಎಲ್ವಿಯೊ ಹೊರಗೆ ಹೋದ. ಗದ್ದಲ ಹೆಚ್ಚಿತು. ಡಾಕ್ಟರ್ ಕಾವೀನಾ ತೀರ್ಮಾನವನ್ನು ಶನಿವಾರ ಮಧ್ಯಾಹ್ನಕ್ಕೆ ಮುಂದೂಡಿದರು.

ಶುಕ್ರವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಳೆಯ ಇಟ್ಟಿಗೆಗೂಡಿನ ಚಿಮಣಿಯೂ ಕಾಣುತ್ತಿರಲಿಲ್ಲ. ಅಭ್ಯಾಸದ ಸುತ್ತುಗಳು ತಡವಾದವು. ಇವಾನೊ ಕಾಗದದಲ್ಲಿ ಸುತ್ತಿ ತಂದಿದ್ದ ಪಿಯಾದೀನಾ ರೊಟ್ಟಿಯ ಅರ್ಧವನ್ನು ಅವಳಿಗೆ ಕೊಟ್ಟ. ಒಳಗಿನ ಚೀಸು ಇನ್ನೂ ಬೆಚ್ಚಗಿತ್ತು. ಅವಳು ಅದನ್ನು ಹಾಗೇ ಕಾಗದದಲ್ಲಿ ಮಡಿಸಿಟ್ಟಳು.

ಒಂಬತ್ತು ಗಂಟೆಗೆ ಮಂಜು ಕರಗಿತು. ಇವಾನೊ ಎದ್ದು ಎಂದಿನ ಮಾತು ಹೇಳಿದ.

"ಬೆನ್ನು ಕೊಡು, ಮಗಳೇ."

ಪೋಸ್ಟಿನಲ್ಲಿ ಇಬ್ಬರು ನಿಲ್ಲುವುದು ಬೆನ್ನಿಗೆ ಬೆನ್ನು ಕೊಟ್ಟು. ಇವಾನೊನ ಮುಖ ಬರುವ ಕಾರುಗಳ ಕಡೆಗೆ, ಬಾಯಲ್ಲಿ ಸೀಟಿ. ಹಳದಿ ಹಿಡಿದವಳ ಮುಖ ಕಾರುಗಳು ಹೋಗುವ ಕಡೆಗೆ. ಮುಂದೆ ಅಪಘಾತವಾದರೆ ಮೊದಲು ನೋಡಬೇಕಾದವಳು ಅವಳು. ಹಿಂದಿನಿಂದ ಎಷ್ಟೇ ಸದ್ದು ಬರಲಿ, ತಿರುಗಬಾರದು. ನಿನ್ನ ಬೆನ್ನನ್ನು ಜೊತೆಗಾರ ಕಾಯುತ್ತಾನೆ. ಹದಿನೆಂಟು ತುಂಬಿದಾಗ ಅಪ್ಪ ಕಲಿಸಿದ ಮೊದಲ ಪಾಠ ಅದೇ.

ಅವಳು ನಿಂತಳು. ಎದುರಿಗೆ ಖಾಲಿ ರಸ್ತೆ, ಕಬ್ಬಿಣದ ತಡೆ, ಅದರಾಚೆ ಸೇತುವೆ. ಅಲ್ಲೇ, ಆ ಮೂರನೇ ಕಂಬದ ಹತ್ತಿರ ಅಪ್ಪ ಬಿದ್ದಿದ್ದ...

ಅವಳು ಕಣ್ಣು ಮುಚ್ಚಿದಳು. ಮತ್ತೆ ಅದೇ ಚಿತ್ರ. ಬಿಳಿ ಕಾರು. ಮೂತಿಯ ಮೇಲೆ ಕರಿ ಟೇಪು. ಗಾಜಿನ ಮೇಲೆ ಬಿಸಿಲು.

ಕಣ್ಣು ಬಿಟ್ಟಳು. ಕಬ್ಬಿಣದ ತಡೆ. ಸೇತುವೆ.

ತಿರುವು ಎಲ್ಲಿ?

"ಇವಾನೊ..." ಅವಳು ಕೇಳಿದಳು. "ನಾನು ನಿಂತಿರೋ ಕಡೆಯಿಂದ ತಿರುವು ಕಾಣತ್ತಾ?"

"ನಿಂಗೆ ಹೇಗೆ ಕಾಣತ್ತೆ, ಹುಚ್ಚಿ? ಬೆನ್ನಿಗೇನು ಕಣ್ಣಿದೆಯಾ? ಅದಕ್ಕೇ ಅಲ್ವಾ ನಾನಿರೋದು!"

ಕಾರಿನ ಮೂತಿ! ಮೂತಿಯ ಮೇಲಿನ ಟೇಪು ಕಾಣಬೇಕಾದರೆ...

*ನಾನು ತಿರುಗಿದ್ದೆ.*

ಮೂರು ವರ್ಷದಿಂದ ಮುಚ್ಚಿದ್ದ ಬಾಗಿಲು ತೆರೆದುಕೊಂಡಿತು. ಹೌದು, ಅವನ ಎಂಜಿನ್ನಿನ ಸದ್ದು ಬಂದಿತ್ತು. ಮೂವತ್ತು ಕಾರುಗಳ ನಡುವೆಯೂ ಅದನ್ನು ಅವಳು ಗುರುತಿಸುತ್ತಿದ್ದಳು. ಕೆಂಪು ಕಾರನ್ನು ಅವನು ಹೊರಗಿನಿಂದ ಹಿಡಿಯುತ್ತಾನೆಂದು ಗೊತ್ತಿತ್ತು. ಒಂದೇ ಸಲ, ಒಂದೇ ಒಂದು ಸಲ ನೋಡೋಣ ಎಂದು ಕತ್ತು ತಿರುಗಿಸಿದ್ದಳು. ಇತ್ತ ತಿರುಗಿದಾಗ ನೀಲಿ ಕಾರು ಆಗಲೇ ಅಡ್ಡ ನಿಂತಿತ್ತು. ಆಮೇಲೆ ಅವಳು ಬಾವುಟ ಎತ್ತಿದ್ದು.

ಅಷ್ಟರಲ್ಲಿ ಅಪ್ಪ ಮೂರು ಎಣಿಸಿ ಮುಗಿಸಿದ್ದ.

"ಇವಾನೊ, ಬೇರೆ ಯಾರನ್ನಾದ್ರೂ ಕರೆಸು," ಅವಳು ಪಿಸುಗುಟ್ಟಿದಳು. "ನನ್ನ ಕೈಯಲ್ಲಿ ಬಾವುಟ ಬೇಡ."

ಎಲ್ವಿಯೊ ಗುಡಾರದಲ್ಲಿ ಟೈರಿನ ಗಾಳಿ ನೋಡುತ್ತಿದ್ದ. ಅವಳ ಮುಖ ಕಂಡದ್ದೇ ಎದ್ದು ನಿಂತ.

"ಆವತ್ತು ನೀನು ನೋಡಿದ್ದೇನು?"

"ಎಷ್ಟು ಸಲ ಹೇಳ್ಲಿ? ಹಳದಿ..."

"ಸುಳ್ಳು ಬೇಡ ಎಲ್ವಿಯೊ! ದಮ್ಮಯ್ಯ, ಸುಳ್ಳು ಬೇಡ."

ಅವನು ಬಟ್ಟೆಯಲ್ಲಿ ಕೈ ಒರೆಸಿದ. ಕೈ ಶುಭ್ರವಾದ ಮೇಲೂ ಒರೆಸುತ್ತಲೇ ಇದ್ದ.

"ನಿನ್ನ ಮುಖ," ಅಂದ ಕೊನೆಗೆ.

ಗುಡಾರದ ಹೊರಗೆ ಯಾವುದೋ ಕಾರು ಸ್ಟಾರ್ಟ್ ಆಗಿ ನಿಂತುಹೋಯಿತು.

"ಪ್ರತಿ ಸುತ್ತಿಗೂ ನಿನ್ನ ಬೆನ್ನು ಕಾಣ್ತಿತ್ತು. ಕಿತ್ತಳೆ ಅಂಗಿ, ಜಡೆ. ಆವತ್ತು ಮುಖ ಕಾಣಿಸ್ತು. ನಗ್ತಿದ್ದೆ ನೀನು. ಸಂಜೆ ನೀನು ಏನಂತೀಯ ಅಂತ ನಂಗೆ ಅಲ್ಲೇ ಗೊತ್ತಾಯ್ತು, ಓರಿ... ಆ ಖುಷೀಲಿ ಆಕ್ಸಿಲರೇಟರ್ ಒತ್ತಿಬಿಟ್ಟೆ. ಇಲ್ದಿದ್ರೆ ಕಾರು ಅಷ್ಟು ಜಾರ್ತಿರಲಿಲ್ಲ."

"ಯಾಕೆ ಹೇಳಲಿಲ್ಲ?" ಅವಳು ಅವನ ಎದೆಗೆ ಗುದ್ದಿದಳು. "ಮೂರು ವರ್ಷ! ಮೂರು ವರ್ಷ ನಿನಗೆ ಶಾಪ ಹಾಕಿದೀನಿ! ಯಾಕೆ?"

"ನನಗೆ ಶಾಪ ಹಾಕ್ಕೊಂಡಾದ್ರೂ ಬದುಕಿರ್ತೀಯ ಅನ್ಸಿತು. ಆಸ್ಪತ್ರೆ ಬಾಗಿಲಲ್ಲಿ ನಿನ್ನ ನೋಡಿದ್ದೆ. ಇದೂ ನಿನ್ನ ತಲೆ ಮೇಲೆ ಬಿದ್ರೆ ನೀನು ಉಳಿಯಲ್ಲ ಅಂತ ಭಯ ಆಯ್ತು."

"ನನ್ನ ತಪ್ಪು ನನ್ನದು, ಎಲ್ವಿಯೊ. ಅದನ್ನ ನೀನು ಕದ್ದೆ." ಅವಳು ಬಿಕ್ಕಿದಳು. "ವಾಪಸ್ ಕೊಡು."

"ಹೇಳಿದ್ರೆ ಬಾವುಟ ಹೋಗತ್ತೆ. ನಿಮ್ಮಪ್ಪ..."

"ಗೊತ್ತು."

ಅವನು ಅವಳ ತಲೆ ಸವರಲು ಕೈ ಎತ್ತಿದ. ಆ ಕೈ ಗಾಳಿಯಲ್ಲೇ ನಿಂತಿತು. ಅವಳು ಆಗಲೇ ಹೊರಟಿದ್ದಳು.

ಮನೆಯಲ್ಲಿ ಹೇಳಲು ಮೂರು ಸಲ ಬಾಯಿ ತೆರೆದಳು. ಅಪ್ಪ ಭಾನುವಾರದ ಓಟದ ಬಗ್ಗೆ ಮಾತಾಡುತ್ತಲೇ ಇದ್ದ: ಯಾರು ಮೊದಲ ಸಾಲಲ್ಲಿ ನಿಲ್ಲುತ್ತಾರೆ, ಮಳೆ ಬಂದರೆ ಯಾರಿಗೆ ಲಾಭ, ಕಲಮು ಹೋದರೆ ಹೊರಸಾಲಲ್ಲಿ ಯಾರು ನುಗ್ಗುತ್ತಾರೆ... ಕಾಲು ಹೋದ ಮೇಲೆ ಅವನ ಮುಖ ಹೊಳೆಯುತ್ತಿದ್ದುದು ವರ್ಷಕ್ಕೆ ಈ ಮೂರು ದಿನ ಮಾತ್ರ. ಅವಳು ಮೂರು ಸಲವೂ ಬಾಯಿ ಮುಚ್ಚಿದಳು.

ಹಾಗಾಗಿ ಅವಳು ಹೇಳಿದ್ದು ಶನಿವಾರ ಮಧ್ಯಾಹ್ನ, ಎಲ್ಲರ ಮುಂದೆ.

"ಕೈ ಎತ್ತೋ ಮುಂಚೆ ನಂದೊಂದು ಮಾತು," ಎಂದು ಬಾವುಟ ಹಿಡಿದೇ ಎದ್ದಳು. "ಆವತ್ತು ಹಳದಿ ಬಾವುಟ ತಡ ಆಯ್ತು. ಎಲ್ವಿಯೊಗೆ ಅದು ಕಾಣಿಸ್ಲೇ ಇಲ್ಲ. ನಾನು ಹಿಂದೆ ತಿರುಗಿದ್ದೆ."

ಇವಾನೊ ಅವಳನ್ನು ನೋಡಿದ, ನೆಲ ನೋಡಿದ. ಆವತ್ತೂ ಅವಳ ಜೊತೆ ನಿಂತಿದ್ದವನು ಅವನೇ; ಅವನ ಬೆನ್ನ ಹಿಂದೆ ನಡೆದದ್ದು ಅವನಿಗೂ ತಿಳಿಯದೆ ಉಳಿದಿತ್ತು.

ವಾಲ್ತೆರ್ ಅವಳ ಕಡೆ ತಿರುಗಿದ.

"ಯಾಕೆ ತಿರುಗಿದೆ?"

"ಅವನನ್ನ ನೋಡೋಕೆ, ಬಾಬ್ಬೊ."

ಅಪ್ಪನನ್ನು 'ಬಾಬ್ಬೊ' ಎಂದು ಅವಳು ಚಿಕ್ಕಂದಿನಿಂದ ಕರೆಯುತ್ತ ಬಂದಿದ್ದಳು. ಅದೇ ಮೊದಲ ಸಲ ಅವನು ಓಗೊಡಲಿಲ್ಲ.

"ಬಾವುಟ ಮೇಜಿನ ಮೇಲಿಡು," ಅಂದ. ಊರುಗೋಲು ಎಳೆದುಕೊಂಡು ಎದ್ದ. ಟಕ್... ಟಕ್... ಟಕ್... ಆ ಸದ್ದು ಅಂಗಳದಾಚೆಗೂ ಕೇಳುತ್ತಲೇ ಇತ್ತು.

ಅವಳು ಬಾವುಟವನ್ನು ಮಡಿಸಿ ಇಟ್ಟಳು. ಬಾವುಟ ಕಂಡೂ ನುಗ್ಗಿದವನು ಯಾರೂ ಇರಲಿಲ್ಲವೆಂದ ಮೇಲೆ, ಅವಳನ್ನು ಬಿಟ್ಟು ಉಳಿದವರು ಕಲಮು ತೆಗೆಯಲು ಕೈ ಎತ್ತಿದರು. ಡಾಕ್ಟರ್ ಕಾವೀನಾ ಗೋಡೆಯ ಹಲಗೆಯ ಮೇಲೆ ಹದಿನಾಲ್ಕನೇ ಕಲಮಿಗೆ ಗೀಟು ಎಳೆದರು. ಇನ್ನು ಇಟ್ಟಿಗೆಗೂಡು ತಿರುವಿನಲ್ಲಿ ಓವರ್‌ಟೇಕ್ ಮಾಡಬಹುದು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸಂಜೆ ಅವಳು ಸೂಪು ಬಡಿಸಿದಳು. ವಾಲ್ತೆರ್ ಕಿಟಕಿ ನೋಡುತ್ತ ಉಂಡ. ಓಟದ ಸುದ್ದಿ ಎತ್ತಲಿಲ್ಲ.

*ನಿನ್ನ ಕೊನೆಯ ಸಂತೋಷವನ್ನೂ ಕಿತ್ತುಕೊಂಡೆನಾ, ಬಾಬ್ಬೊ?*

ಭಾನುವಾರ ಆಕಾಶ ಸೀಸದಂತಿತ್ತು.

ಓರಿಯೆತ್ತಾ ತಂತಿಬೇಲಿಯ ಈಚೆ, ಜನರ ನಡುವೆ ನಿಂತಿದ್ದಳು. ಮುಖ ಬರುವ ಕಾರುಗಳ ಕಡೆಗೆ. ಈ ತಿರುವನ್ನು ಅವಳು ಹೀಗೆ ಎದುರಿನಿಂದ ನೋಡಿದ್ದು ಜೀವನದಲ್ಲಿ ಒಂದೇ ಸಲ, ಅದೂ ಕದ್ದು. ಮೈಮೇಲೆ ಕಿತ್ತಳೆ ಅಂಗಿ ಇಲ್ಲದೆ ಚಳಿಯೆನಿಸುತ್ತಿತ್ತು.

ಹತ್ತು ಹೆಜ್ಜೆ ಆಚೆ ಮಡಚುವ ಕುರ್ಚಿಯಲ್ಲಿ ವಾಲ್ತೆರ್. ಬಂದಿದ್ದನಲ್ಲ, ಅಷ್ಟೇ ಸಾಕಾಗಿತ್ತು ಅವಳಿಗೆ.

ಎಲ್ವಿಯೊ ಏಳನೆಯ ಸ್ಥಾನದಲ್ಲಿದ್ದ. ಅವನ ಮುಂದೆ ಕೆಂಪು ಕಾರು. ಸುತ್ತಿನಿಂದ ಸುತ್ತಿಗೆ ಹತ್ತಿರವಾಗುತ್ತಿದ್ದ.

ಹನ್ನೊಂದನೇ ಸುತ್ತು. ಅವನು ಹೊರಸಾಲಿಗೆ ಬಂದ!

ಜನ ಎದ್ದು ನಿಂತರು. ಎರಡು ಕಾರು ಪಕ್ಕಪಕ್ಕ... ಅವನದು ಅರ್ಧ ಮೂತಿ ಮುಂದೆ... ಓರಿಯೆತ್ತಾ ತಂತಿಯನ್ನು ಬಿಗಿಹಿಡಿದಳು. ಇನ್ನೇನು ಮುಗಿಯಿತು, ಸ್ಥಾನ ಅವನದೇ!

ಒಂಬತ್ತನೇ ಪೋಸ್ಟಿನಲ್ಲಿ ಹಳದಿ ಹಾರಿತು.

ತಿರುವಿನಾಚೆ ಯಾರೋ ಗಿರಕಿ ಹೊಡೆದಿದ್ದರು. ಇವತ್ತು ಹಳದಿ ಇವಾನೊನ ಕೈಯಲ್ಲಿತ್ತು. ಅವನ ಬೆನ್ನು ಒಂದಿಷ್ಟೂ ಅಲುಗಿರಲಿಲ್ಲ.

ಎಲ್ವಿಯೊ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆದ. ಕೈಗೆ ಬಂದಿದ್ದ ಸ್ಥಾನವನ್ನು ಬಿಟ್ಟು ಕೆಂಪು ಕಾರಿನ ಹಿಂದೆ ಸರಿದುಕೊಂಡ.

"ಛೇ!" ಎಂದರು ಜನ.

ಓರಿಯೆತ್ತಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಟಕ್... ಟಕ್... ಊರುಗೋಲಿನ ಸದ್ದು ಅವಳ ಪಕ್ಕ ಬಂದು ನಿಂತಿತು. ಅಪ್ಪ ಟ್ರ್ಯಾಕನ್ನೇ ನೋಡುತ್ತಿದ್ದ.

"ಬಾವುಟ ಬಂದ ಮೇಲೆ ಎಷ್ಟು ಹೊತ್ತಿಗೆ ಕಾಲು ತೆಗೆದ?"

"ಒಂದು ಅಂತ ಎಣಿಸೋಷ್ಟೂ ಆಗ್ಲಿಲ್ಲ, ಬಾಬ್ಬೊ."

"ಹ್ಞೂಂ." ಆಮೇಲೆ ಅಂದ, "ಬಾವುಟ ಕಂಡ್ರೆ ನಿಲ್ಲೋನು."

ಅವಳು ಅವನ ತೋಳು ಹಿಡಿಯಲು ಹೋದಳು. ಅವನು ಸರಿದ.

"ನಿನ್ನ ಜೊತೆ ಮಾತಾಡೋಕೆ ನಂಗಿನ್ನೂ ಆಗ್ತಿಲ್ಲ. ಟೈಮ್ ಬೇಕು. ಎಷ್ಟು ಅಂತ ಕೇಳ್ಬೇಡ." ಹೊರಟವನು ನಿಂತ. "ಮಂಗಳವಾರ ಅವನಿಗೆ ಸೂಪಿಗೆ ಬರೋಕೆ ಹೇಳು. ಆ ಕೆಂಪು ಕಾರನ್ನ ಒಂದು ಸುತ್ತು ಮೊದ್ಲೇ ಹಿಡೀಬೇಕಿತ್ತು, ಗೂಬೆ. ಅದನ್ನ ಅವನಿಗೆ ಹೇಳ್ಬೇಕು ನಾನು."

ಓಟ ಮುಗಿದಾಗ ಸಣ್ಣಗೆ ಹನಿಯುತ್ತಿತ್ತು. ಗುಡಾರದ ಹಿಂದೆ, ಟೈರುಗಳ ಮೇಲೆ ಎಲ್ವಿಯೊ ಒಬ್ಬನೇ ಕೂತಿದ್ದ. ಬೆನ್ನು ಅವಳ ಕಡೆಗಿತ್ತು. ಹೆಜ್ಜೆ ಸದ್ದು ಕೇಳಿಯೂ ತಿರುಗಲಿಲ್ಲ.

"ಏಳನೇದು," ಅಂದ. ದನಿ ಒದ್ದೆಯಾಗಿತ್ತು.

"ನೋಡ್ದೆ."

"ಎಲ್ಲಿಂದ?"

"ಬೇಲಿ ಈಚೆಯಿಂದ. ಪೂರ್ತಿ. ಯಾರಿಗೂ ಹೆದರ್ದೆ."

"ನಿನ್ನ ಬಾವುಟ ಹೋಯ್ತು, ಓರಿ."

"ಹೋಯ್ತು."

"ನಿಮ್ಮಪ್ಪ?"

"ಮಂಗಳವಾರ ಸೂಪಿಗೆ ಕರೆದಿದಾರೆ. ಬೈಯೋಕೆ."

ಅವನು ನಗಲು ಹೋಗಿ ಅತ್ತ. ಅವಳು ಅವನ ಹಿಂದೆ ನಿಂತೇ ಇದ್ದಳು. ಮೂರು ವರ್ಷದ ಹಿಂದಿನ ಸಂಜೆಯ ಆ ಉತ್ತರ ಇನ್ನೂ ಅವಳ ಬಾಯಲ್ಲೇ ಉಳಿದಿತ್ತು.

"ಆವತ್ತು ಕೇಳಿದ್ಯಲ್ಲ," ಅವಳೆಂದಳು, "ಅದನ್ನ ಈಗ ಕೇಳು."

"ಈ ಮುಖ ಇಟ್ಕೊಂಡಾ? ಮಸಿ, ಕಣ್ಣೀರು..."

"ತಿರುಗು, ಎಲ್ವಿಯೊ."

ಅವನು ತಿರುಗಿದ.

"ಹ್ಞಾಂ," ಅವಳು ಅವನ ಕೆನ್ನೆಯ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದಳು. "ಇನ್ನು ಕೇಳು. ನಾನು ನೋಡ್ತಾ ಇದೀನಿ."